ತಮ್ಮನಿಗೆ ಒಬ್ಬರು ಸಿಎಫ್‌ಎಸ್ ಅಂದರು, ಇನ್ನೊಬ್ಬರು ಎಂಇ ಅಂದರು. ಎರಡೂ ಒಂದೇನಾ?

ಹಾಸನದ ಡಾಕ್ಟರು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್ (ಸಿಎಫ್‌ಎಸ್) ಇರಬಹುದು, ಆರು ತಿಂಗಳು ತುಂಬಲಿ’ ಅಂದರು. ಬೆಂಗಳೂರಿನವರು ನಾಲ್ಕನೇ ತಿಂಗಳಿಗೇ ‘ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್’ (ಎಂಇ) ಅಂತ ಚೀಟಿಯಲ್ಲಿ ಬರೆದರು. ಯಾರನ್ನು ನಂಬೋದು ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವವನು. ಐದು ವರ್ಷದಿಂದ, ತಿಂಗಳುಗಟ್ಟಲೆ ಸುಸ್ತು ಬಿಡದ ಈ ಕಾಯಿಲೆ ಜೊತೆ ಏಗುತ್ತಿದ್ದೇನೆ.

ಇಬ್ಬರೂ ಹೇಳಿದ್ದು ತಪ್ಪಲ್ಲ. ಒಂದೇ ಚೀಲ ಕಾಫಿಗೆ ಒಬ್ಬ ವ್ಯಾಪಾರಿ ಬರೀ ತೂಕ ನೋಡುತ್ತಾನೆ, ಇನ್ನೊಬ್ಬ ಔಟ್‌ಟರ್ನ್, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತೆ ಅಂತ ನೋಡುತ್ತಾನೆ, ಅಲ್ವಾ? ಹಾಗೇ ಇದು.

ಎಂಇ ಹಳೇ ಹೆಸರು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯೇ ಗುಂಪುಗುಂಪಾಗಿ ಹಾಸಿಗೆ ಹಿಡಿದ ಮೇಲೆ ಹುಟ್ಟಿದ್ದು. ಸಿಎಫ್‌ಎಸ್ ಅನ್ನೋದು 1988ರಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕಡೆಯಿಂದ ಬಂತು. ಈಗ ಎರಡನ್ನೂ ಸೇರಿಸಿ ಬರೆಯುವುದೇ ಜಾಸ್ತಿ. ಹೆಸರಿನ ಜಗಳ ಅಷ್ಟಕ್ಕೇ ಬಿಡಿ.

ಅಸಲು ಸಂಗತಿ ಬೇರೆ ಇದೆ. ಒಂದು ಜನವರಿ ಭಾನುವಾರ ಭಾವನ ತೋಟದ ಕಣದಲ್ಲಿ ಅರ್ಧ ಗಂಟೆ ಕಾಫಿ ಕೆದಕಿದೆ. ಸೋಮವಾರ ಏನೂ ಆಗಲಿಲ್ಲ, ಆಫೀಸಿಗೂ ಹೋದೆ. ಮಂಗಳವಾರ ಬೆಳಿಗ್ಗೆ ಪೇಸ್ಟಿನ ಮುಚ್ಚಳ ತಿರುಗಿಸಲು ಕೈಯಲ್ಲಿ ಶಕ್ತಿ ಇಲ್ಲ. ಗಂಟಲು ನೋವು, ಜ್ವರ ಬಂದ ಹಾಗೆ ಮೈ, ಆದರೆ ಥರ್ಮಾಮೀಟರ್ ನಾರ್ಮಲ್. ಎಂಟಕ್ಕೆ ಏಳು ಕೂಡಿಸಲು ತಡಕಾಡಿದೆ, ಅದೂ ಲೆಕ್ಕ ಬರೆದೇ ಅನ್ನ ತಿನ್ನುವ ನಾನು! ಹನ್ನೊಂದು ದಿನ ಮಲಗಿದೆ. ಮಾಡಿದ ಕೆಲಸಕ್ಕೆ ಮೈ ಹೀಗೆ ಒಂದೆರಡು ದಿನ ಬಿಟ್ಟು ಬಡ್ಡಿ ಸಮೇತ ವಸೂಲಿ ಮಾಡೋದಕ್ಕೆ ಡಾಕ್ಟರುಗಳು ಪಿಇಎಂ (ಪೋಸ್ಟ್ ಎಕ್ಸರ್ಷನಲ್ ಮಲೈಸ್) ಅನ್ನುತ್ತಾರೆ.

ಈ ಕಾಯಿಲೆ ಅಂತ ಗುರುತಿಸಲು ಡಾಕ್ಟರುಗಳು ಬಳಸುವ ವ್ಯಾಖ್ಯೆಗಳು ಹಲವಿವೆ; ಅವು ಬೇರೆಯಾಗೋದು ಮುಖ್ಯವಾಗಿ ಇಲ್ಲೇ. 1991ರ ಆಕ್ಸ್‌ಫರ್ಡ್ ಅಳತೆಗೆ ಆರು ತಿಂಗಳ ಸುಸ್ತೇ ಮುಖ್ಯ, ಪಿಇಎಂ ಬೇಕಿಲ್ಲ. 1994ರ ಫುಕುಡಾ ವ್ಯಾಖ್ಯೆಯಲ್ಲಿ ಸುಸ್ತಿನ ಜೊತೆ ಎಂಟು ಲಕ್ಷಣಗಳಲ್ಲಿ ಯಾವುದಾದರೂ ನಾಲ್ಕಿದ್ದರೆ ಸಾಕು, ಪಿಇಎಂ ಆ ಎಂಟರಲ್ಲಿ ಒಂದಷ್ಟೆ. 2003ರ ಕೆನಡಾ ವ್ಯಾಖ್ಯೆ ಅದನ್ನು ಕಡ್ಡಾಯ ಮಾಡಿತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ ಹಾಗೇ ಮಾಡಿತು: ಆರು ತಿಂಗಳು ಮೀರಿದ ಸುಸ್ತು, ಪಿಇಎಂ, ಎಷ್ಟು ನಿದ್ದೆ ಮಾಡಿದರೂ ದಣಿವಾರದಿರೋದು, ಜೊತೆಗೆ ತಲೆ ಮಂಕಾಗೋದೋ, ಎದ್ದು ನಿಂತರೆ ತೊಂದರೆಯಾಗೋದೋ ಒಂದಿರಬೇಕು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಮೂರು ತಿಂಗಳಿಗೇ ಹೆಸರು ಕೊಡಬಹುದು ಅಂದಿತು. ನಿಮ್ಮ ಬೆಂಗಳೂರಿನ ಡಾಕ್ಟರು ಬಹುಶಃ ಇದನ್ನೇ ಅನುಸರಿಸಿದ್ದಾರೆ.

ಇದು ಬರೀ ಪುಸ್ತಕದ ಮಾತಲ್ಲ. ಮೊದಲು ನೋಡಿದ ಡಾಕ್ಟರು ನನಗೆ ‘ಸುಮ್ನೆ ಮಲಗಬೇಡಿ, ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಜಾಸ್ತಿ ಮಾಡಿ’ ಅಂದಿದ್ದರು. ಮಾಡಿದೆ. ಮೂರನೇ ವಾರಕ್ಕೆ ಮನೆಯ ಮೆಟ್ಟಿಲೂ ಹತ್ತಲಾಗಲಿಲ್ಲ. ಆ ಸಲಹೆಗೆ ಆಧಾರವಾದ ದೊಡ್ಡ ಅಧ್ಯಯನ 2011ರ ಪೇಸ್. ಅದು ರೋಗಿಗಳನ್ನು ಆರಿಸಿದ್ದು ಆಕ್ಸ್‌ಫರ್ಡ್ ಅಳತೆಯಲ್ಲಿ, ಅಂದರೆ ಪಿಇಎಂ ಇರಲೇಬೇಕು ಅಂತಿರಲಿಲ್ಲ. ನೈಸ್ ಈಗ ವ್ಯಾಯಾಮವನ್ನು ಹಾಗೆ ಏರಿಸುತ್ತಾ ಹೋಗುವ ಚಿಕಿತ್ಸೆ ಬೇಡ ಅನ್ನುತ್ತದೆ.

ಇದನ್ನು ಹಿಡಿದು ಕೊಡುವ ರಕ್ತಪರೀಕ್ಷೆ ಇಲ್ಲ. ಹಾಗಂತ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್, ಬಿ12 ಬಿಡಬೇಡಿ. ಸುಸ್ತಿಗೆ ಬೇರೆ ಕಾರಣ ಇಲ್ಲ ಅಂತ ಮೊದಲು ಗೊತ್ತಾಗಬೇಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ತಮ್ಮ ದಿನಾ ಏನು ಮಾಡಿದ, ಎರಡು ದಿನ ಬಿಟ್ಟು ಹೇಗಿದ್ದ ಅಂತ ಬರೆದಿಡಿ. ನನ್ನ ಡಾಕ್ಟರು ಫೈಲಿಗಿಂತ ಆ ಹಾಳೆಗಳನ್ನೇ ಜಾಸ್ತಿ ಹೊತ್ತು ನೋಡಿದರು. ಮುಂದಿನ ಸಲ ಹೋದಾಗ ‘ಯಾವ ಕ್ರೈಟೀರಿಯಾ ನೋಡಿದಿರಿ ಸರ್, ಅದರಲ್ಲಿ ಪಿಇಎಂ ಇದೆಯಾ?’ ಅಂತ ಕೇಳಿ. ಆರು ತಿಂಗಳು ತುಂಬಲಿ, ಬಿಡಲಿ, ಅವನನ್ನು ಜಿಮ್ಮಿಗೆ ಮಾತ್ರ ಕಳಿಸಬೇಡಿ.