ಸಮುದ್ರಕ್ಕೆ ಗಡಿ ಹಾಕುವುದು ಹೇಗೆ?

ಕರಾವಳಿಯಿಂದ ಇಷ್ಟು ದೂರದ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದಲೇ ಈ ಸಲ ಕಡಲ ಧಾಮಗಳ ಬಗ್ಗೆ ಹೆಚ್ಚು ಪತ್ರಗಳು ಬಂದಿವೆ. ನಾಲ್ಕನ್ನು ಆಯ್ದು ಉತ್ತರಿಸಿದ್ದೇವೆ.

ಪ್ರ: ನಮ್ಮ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಧಾಮವಿದೆ. ಅಲ್ಲಿ ಕಲ್ಲು ನೆಟ್ಟು, ಕಂದಕ ತೋಡಿ ಎಲ್ಲೆ ಗುರುತಿಸಬಹುದು. ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿಯಲ್ಲಿ ಕಡಲಲ್ಲೇ ವನ್ಯಜೀವಿ ಧಾಮ ಮಾಡಿದ್ದಾರಂತೆ. ನೀರಿನ ಮೇಲೆ ಗಡಿ ಹಾಕುವುದು ಹೇಗೆ? ಹಾಕುವವರು ಯಾರು?
— ಜಗಳೂರಿನ ಓದುಗರು

ಉ: ನಿಮ್ಮ ಕೊಂಡುಕುರಿಗೂ ಕಡಲಾಮೆಗೂ ಕಾನೂನು ಒಂದೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ನೀರನ್ನು ಸೇರಿಸುವುದಾದರೆ ಮಾತ್ರ ಇನ್ನೂ ಮೂರು ಕೆಲಸ ಆಗಬೇಕು: ಕೇಂದ್ರದ ಮುಂಚಿತ ಒಪ್ಪಿಗೆ, ನೌಕಾಪಡೆಯ ಮುಖ್ಯ ಜಲನಕ್ಷೆ ಅಧಿಕಾರಿಯ ಜೊತೆ ಸಮಾಲೋಚಿಸಿ ಎಲ್ಲೆ ನಿರ್ಧಾರ, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಏರ್ಪಾಡು. ಮೂರನೆಯದನ್ನು ಕಾಟಾಚಾರಕ್ಕೆ ಮುಗಿಸಿದ ಕಡೆಗಳಲ್ಲೇ ಮುಂದೆ ಜಗಳ ಎದ್ದಿರುವುದು. ಮಹಾರಾಷ್ಟ್ರದ ಮಾಲ್ವಣ ಧಾಮ 1987ರಲ್ಲೇ ಘೋಷಣೆಯಾಯಿತು. ಅದು 29 ಚದರ ಕಿ.ಮೀ.ಯಷ್ಟು ಚಿಕ್ಕದು. ಆದರೂ ಮೀನುಗಾರರ ವಿರೋಧದಿಂದ ಅಲ್ಲಿ ಜಾರಿ ಕುಂಟುತ್ತಲೇ ಬಂದಿದೆ.

ಇನ್ನು ಗಡಿ. ಅದನ್ನು ಅಕ್ಷಾಂಶ–ರೇಖಾಂಶದ ಮೂಲೆಗಳಲ್ಲಿ, ನೇರ ಗೆರೆಗಳಲ್ಲಿ ಬರೆಯಬೇಕು. ‘20 ಮೀಟರ್ ಆಳದವರೆಗೆ’ ಎಂದು ಬರೆದರೆ ಬೋಟು ನಡೆಸುವ ತಾಂಡೇಲನಿಗೆ ತಾನು ಒಳಗಿದ್ದೇನೋ ಹೊರಗಿದ್ದೇನೋ ತಿಳಿಯದು, ಕೋರ್ಟಿನಲ್ಲಿ ಪ್ರಕರಣವೂ ನಿಲ್ಲದು. ಮೂಲೆಗಳು ಆದಷ್ಟು ಪೂರ್ಣ ಮಿನಿಟುಗಳಲ್ಲಿರಲಿ (ಮಿನಿಟು ಎಂದರೆ ಇಲ್ಲಿ ಡಿಗ್ರಿಯ 60ನೇ ಒಂದು ಭಾಗ). ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ, 1.85 ಕಿ.ಮೀ. ಹಾಗಿದ್ದರೆ ಜಿಪಿಎಸ್ ನೋಡಿ ಯಾರು ಬೇಕಾದರೂ ಓದಿಕೊಳ್ಳಬಹುದು. ಮೂಲೆಗಳಲ್ಲಿ ತೇಲುಬುರುಡೆ ಬಿಡುತ್ತಾರೆ. ಮುಂಗಾರಿನ ಅಲೆಗೆ ಸರಪಳಿ ಸವೆದು ಅದು ಕಿತ್ತುಹೋಗುವುದು ಹೊಸದೇನಲ್ಲ. ಮಳೆಗಾಲ ಮುಗಿದ ಕೂಡಲೇ ನೋಡಿ ಮತ್ತೆ ಕಟ್ಟದಿದ್ದರೆ, ಸಿಕ್ಕಿಬಿದ್ದವನ ಮೊದಲ ಮಾತೇ ‘ಗುರುತೇ ಇರಲಿಲ್ಲ ಸ್ವಾಮಿ’.

ಕಂದಕಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಧಾಮದ ನೀರಿನಲ್ಲಿ ಬೋಟು ಸುಮ್ಮನೆ ಹಾದುಹೋಗುವ ಹಕ್ಕನ್ನು ನಮ್ಮ ಕಾನೂನು ಉಳಿಸಿದೆ. ಒಳಗೆ ಕಂಡ ಮಾತ್ರಕ್ಕೆ ಅಪರಾಧವಾಗದು, ಮೀನು ಹಿಡಿಯುತ್ತಿದ್ದುದು ಸಾಬೀತಾಗಬೇಕು. ಅದಕ್ಕೇ ವೇಗ ನೋಡುತ್ತಾರೆ. ಬಲೆ ಎಳೆಯುವ ಟ್ರಾಲ್‌ಬೋಟ್ ಗಂಟೆಗೆ ಎರಡರಿಂದ ನಾಲ್ಕು ನಾಟಿಕಲ್ ಮೈಲಿ ಮಾತ್ರ ಸಾಗುತ್ತದೆ. ಬೋಟು ಇರುವ ಜಾಗವನ್ನು ಆಗಾಗ ತಿಳಿಸುವ ಟ್ರಾನ್ಸ್‌ಪಾಂಡರ್ ಎಂಬ ಸಾಧನ ಕಳಿಸುವ ಗುರುತುಗಳು ತಾಸುಗಟ್ಟಲೆ ಅದೇ ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗಿದ್ದರೆ ಬಲೆ ಬಿದ್ದಿದೆ ಎಂದೇ ಲೆಕ್ಕ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಮೀನುಗಾರಿಕೆ ನಿಷೇಧಿತ ವಲಯಗಳಲ್ಲಿ ಇನ್ನೂ ಸರಳ ನಿಯಮವಿದೆ: ದಾಟುವವರು ದಾಟಲಿ, ಬಲೆ–ಗಾಳ ಕಟ್ಟಿಟ್ಟಿರಬೇಕು.

ಪ್ರ: ಮೀನಿಗೆ ಗಡಿ ಗೊತ್ತಾಗುತ್ತದೆಯೇ? ಒಳಗೆ ಕಾಪಾಡಿದ್ದು ಈಜಿಕೊಂಡು ಹೊರಗೆ ಹೋದರೆ ಬಲೆಗೆ ಬೀಳುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಏನು ಲಾಭ?
— ಚಿತ್ರದುರ್ಗದ ಪದವಿ ವಿದ್ಯಾರ್ಥಿನಿ

ಉ: ಯಾವ ಮೀನು ಎನ್ನುವುದರ ಮೇಲಿದೆ. ಬೂತಾಯಿ, ಬಂಗುಡೆ ಗುಂಪು ಕಟ್ಟಿ ಅಲೆಯುವ ಜಾತಿ. ಅವುಗಳಿಗೆ ಚಿಕ್ಕ ಧಾಮದಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಬಂಡೆ ಸಂದಿಯಲ್ಲಿ ಮನೆ ಮಾಡಿಕೊಂಡ ಮುರು ಮೀನು, ಹವಳ, ಕಪ್ಪೆಚಿಪ್ಪು ಇಂಥವಕ್ಕೆ ಲಾಭ ಪೂರ್ತಿ. ಅವು ಅಲ್ಲೇ ಬದುಕಿ ಅಲ್ಲೇ ಮುದಿಯಾಗುತ್ತವೆ. ಮೀನಿನ ಲೋಕದಲ್ಲಿ ಮುದಿ ತಾಯಿಗೆ ಬೆಲೆ ಹೆಚ್ಚು. 61 ಸೆಂ.ಮೀ. ಉದ್ದದ ಒಂದೇ ಒಂದು ರೆಡ್ ಸ್ನ್ಯಾಪರ್, 42 ಸೆಂ.ಮೀ.ನ 212 ಮೀನುಗಳು ಸೇರಿ ಇಡುವಷ್ಟು ಮೊಟ್ಟೆ ಇಡುತ್ತದೆ. ಆ ಮೊಟ್ಟೆ–ಮರಿಗಳು ಪ್ರವಾಹದಲ್ಲಿ ತೇಲಿ ಗಡಿಯಾಚೆ ಬೀಳುತ್ತವೆ. ಹೊರಗಿನ ಮೀನುಗಾರನ ಪಾಲು ಅಲ್ಲಿಂದಲೇ ಬರುವುದು.

ಗಡಿ ತಪ್ಪಿದರೆ ನೀವು ಹೇಳಿದಂತೆಯೇ ಆಗುತ್ತದೆ. ನ್ಯೂಜಿಲೆಂಡಿನ ಲೀ ಎಂಬಲ್ಲಿ 1975ರಲ್ಲಿ ಮಾಡಿದ ಧಾಮದ ಎಲ್ಲೆ ದಡದಿಂದ 800 ಮೀಟರಿಗೇ ನಿಂತಿದೆ. ಲಾಬ್‌ಸ್ಟರ್‌ಗಳು ಮೇವಿಗೆಂದು ಅದನ್ನು ದಾಟಿ ಹೋಗುತ್ತವೆ, ಗೆರೆಯುದ್ದಕ್ಕೂ ಬೋನುಗಳು ಕಾದಿರುತ್ತವೆ. ಬಂಡೆಸಾಲನ್ನು ನಡುವೆ ಕತ್ತರಿಸುವಂತೆ ಗಡಿ ಎಳೆಯಬಾರದು. ಸಾಲು ಮುಗಿದು ಮರಳು ಶುರುವಾಗಿ ಇನ್ನಷ್ಟು ದೂರ ಹೋದ ಮೇಲೆ ಎಳೆಯಬೇಕು. ಇಷ್ಟಾದರೂ ಲೀಯ ಧಾಮದೊಳಗೆ ಮೀನು, ಲಾಬ್‌ಸ್ಟರ್ ಹೆಚ್ಚಿದ ಮೇಲೆ ಅವು ಕಡಲ ಮುಳ್ಳುಚೆಂಡುಗಳನ್ನು ತಿಂದು ಹಾಕಿದವು. ಮುಳ್ಳುಚೆಂಡು ಬೋಳಿಸಿದ್ದ ಬಂಡೆಗಳ ಮೇಲೆ ಪಾಚಿಕಾಡು ಮತ್ತೆ ಎದ್ದಿತು.

40 ದೇಶಗಳ 87 ಧಾಮಗಳನ್ನು ಹೋಲಿಸಿ 2014ರಲ್ಲಿ ಬಂದ ಅಧ್ಯಯನ ಐದು ಗುಣಗಳನ್ನು ಹೆಸರಿಸಿತು: ಏನನ್ನೂ ಹಿಡಿಯುವಂತಿಲ್ಲ ಎಂಬ ನಿಯಮ, ಬಿಗಿ ಕಾವಲು, 10 ವರ್ಷ ದಾಟಿದ ವಯಸ್ಸು, 100 ಚದರ ಕಿ.ಮೀ.ಗಿಂತ ಹೆಚ್ಚಿನ ಹರವು, ಸುತ್ತ ಆಳ ನೀರು ಅಥವಾ ಮರಳು. ಶೇ. 59ರಷ್ಟು ಧಾಮಗಳಲ್ಲಿ ಒಂದೋ ಎರಡೋ ಗುಣ ಮಾತ್ರವಿದ್ದವು. ಅವಕ್ಕೂ ಮಾಮೂಲಿ ಮೀನು ಹಿಡಿಯುವ ಜಾಗಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ‘ಗಾಳಕ್ಕೆ ಬಿಡೋಣ, ಬಲೆಗೆ ಬೇಡ’ ಎಂಬಂಥ ರಾಜಿ ಧಾಮಗಳ ಬಗ್ಗೆ ನಮಗೆ ಭರವಸೆ ಇಲ್ಲದಿರುವುದು ಇದೇ ಕಾರಣಕ್ಕೆ. ಕಾವಲು ಬಿಗಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ಕಾಬೋ ಪುಲ್ಮೋ ಇದೆ. ಊರಿನವರೇ ಕಾದ ಆ ಉದ್ಯಾನದಲ್ಲಿ 1999ರಿಂದ 2009ರೊಳಗೆ ಮೀನಿನ ಒಟ್ಟು ತೂಕ ಶೇ. 463ರಷ್ಟು ಏರಿತು. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲವಲ್ಲ, ಅಲ್ಲಿಯೂ ಕಾಯುವವರು ಊರಿನವರೇ.

ಲಾಭವಾಯಿತೇ ಎಂದು ತಿಳಿಯಲು ಘೋಷಣೆಗೆ ಮುಂಚೆಯೇ ಎಣಿಕೆ ಮಾಡಿಟ್ಟಿರಬೇಕು. ನೀರಿನಡಿ 50 ಮೀಟರ್ ಟೇಪು ಹಾಸಿ, 5 ಮೀಟರ್ ಅಗಲದ ಪಟ್ಟಿಯೊಳಗಿನ ಮೀನುಗಳನ್ನು ಜಾತಿ, ಉದ್ದ ಸಮೇತ ಬರೆದುಕೊಳ್ಳುತ್ತಾರೆ. ಧಾಮದ ಹೊರಗೂ ಅಂಥದೇ ಬಂಡೆಯ ಮೇಲೆ ಅಷ್ಟೇ ಪಟ್ಟಿಗಳು ಬೇಕು. ನಮ್ಮ ಕಡಲು ಮಳೆಗಾಲದಲ್ಲಿ ಕದಡುವುದರಿಂದ ನವೆಂಬರ್–ಫೆಬ್ರವರಿ ನಡುವೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ಎಣಿಸಬೇಕು. ತಿಂಗಳು ಬದಲಾದರೆ ಲೆಕ್ಕ ಕೆಟ್ಟಂತೆ.

ಪ್ರ: ಜೂನ್, ಜುಲೈನಲ್ಲಿ ಮೀನು ಹಿಡಿಯುವುದನ್ನು ಹೇಗೂ ನಿಲ್ಲಿಸುತ್ತಾರೆ, ದಾವಣಗೆರೆಯಲ್ಲಿ ಬಂಗುಡೆ ರೇಟು ಏರುತ್ತದೆ. ಧಾಮವೂ ಬಂದರೆ?
— ದಾವಣಗೆರೆಯ ಓದುಗರು

ಉ: ಜೂನ್ 1ರಿಂದ ಜುಲೈ 31ರವರೆಗಿನದು ಇಡೀ ಕರಾವಳಿಯ ಯಾಂತ್ರಿಕ ಬೋಟುಗಳಿಗೆ 61 ದಿನಗಳ ಬಿಡುವು. ಹತ್ತು ಎಚ್‌ಪಿವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಅನ್ವಯಿಸದು. ಧಾಮ ಹಾಗಲ್ಲ, ಜಾಗ ಚಿಕ್ಕದು, ನಿಷೇಧ ವರ್ಷವಿಡೀ. ಬಂಗುಡೆ ಬಹುತೇಕ ಧಾಮದ ಹೊರಗೇ ಸಿಗುವುದರಿಂದ ನಿಮ್ಮ ತಾಟಿಗೆ ತೊಂದರೆಯಿಲ್ಲ. ಅದರ ರೇಟಿಗೆ ನಿಜವಾದ ಪೆಟ್ಟು ಮರಿ ಹಿಡಿಯುವುದರಿಂದ. ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಕೇರಳ ಬಂಗುಡೆಗೆ 14, ಬೂತಾಯಿಗೆ 10 ಸೆಂ.ಮೀ. ಎಂದು ಗೊತ್ತುಮಾಡಿದೆ. ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಚಿಕ್ಕದು ಕಂಡರೆ ಕೊಳ್ಳಬೇಡಿ.

ಪ್ರ: ವಾಣಿವಿಲಾಸ ಸಾಗರದಲ್ಲೂ ಹೀಗೆ ಮಾಡಬಹುದೇ?
— ಹಿರಿಯೂರಿನ ಓದುಗರು

ಉ: ಅದೇ ರೀತಿಯಲ್ಲಿ ಮಾಡಿದರೆ ಹೆಚ್ಚು ಉಪಯೋಗವಿಲ್ಲ. ಕಾಟ್ಲಾ, ರೋಹು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಜಾತಿ. ನಿಂತ ನೀರಿಗೆ ಮರಿ ತಂದು ಬಿಡಲೇಬೇಕು. ಒಂದು ಮೂಲೆಯನ್ನು ಮುಚ್ಚಿದರೆ ಮೀನಿನ ಗಾತ್ರ ಹೆಚ್ಚೀತು, ಸಂಖ್ಯೆಯಲ್ಲ. ನಾಡಿನ ಮೀನು ಉಳಿಯಬೇಕಾದರೆ ಮಳೆಗಾಲದಲ್ಲಿ ವೇದಾವತಿ ಹಿನ್ನೀರು ಸೇರುವ ಬಾಯಲ್ಲಿ ಬಲೆ ಅಡ್ಡ ಕಟ್ಟದಂತೆ ನೋಡಿಕೊಳ್ಳುವುದು ಮೇಲು. ಮೊಟ್ಟೆ ತುಂಬಿದ ಮೀನು ಹೊಸ ನೀರಿಗೆ ಎದುರು ಹತ್ತುವುದು ಅಲ್ಲೇ.