ಬಿಸಿಲಿಗೆ ಬಿಡಬಾರದ ಮಗು

ಪ್ರಶ್ನೆ: ನಮ್ಮ ನೆಂಟರ ಮೂರು ವರ್ಷದ ಮಗಳ ಮುಖದ ತುಂಬ ಕಂದು ಚುಕ್ಕೆಗಳೆದ್ದಿವೆ. ವೈದ್ಯರು ಇದನ್ನು ಝೀರೋಡರ್ಮಾ ಪಿಗ್ಮೆಂಟೋಸಮ್ ಎಂದು ಗುರುತಿಸಿ, ಬಿಸಿಲಿಗೆ ಬಿಡಲೇಬಾರದೆಂದಿದ್ದಾರೆ. ಮಗುವಿನ ತಾಯಿ ಮದುವೆಯಾಗಿರುವುದು ಸ್ವಂತ ಸೋದರಮಾವನನ್ನು, ಇಬ್ಬರೂ ಆರೋಗ್ಯವಾಗಿದ್ದಾರೆ. ಎಲ್ಲರ ಮೇಲೂ ಬೀಳುವ ಬಿಸಿಲು ಈ ಮಗುವಿಗೇಕೆ ಮುಳುವಾಯಿತು?
– ಓದುಗರೊಬ್ಬರು, ಹಾಸನ

ಉತ್ತರ: ಬಿಸಿಲಿನಿಂದ ಡಿಎನ್‌ಎಗೆ ಆಗುವ ಹಾನಿ ನಮಗೂ ನಿಮಗೂ ತಪ್ಪಿದ್ದಲ್ಲ, ಅದನ್ನು ಸರಿಪಡಿಸುವ ಏರ್ಪಾಡು ಈ ಮಗುವಿನಲ್ಲಿ ಕೈಕೊಟ್ಟಿದೆ. ನೇರಳಾತೀತ ಕಿರಣ ಚರ್ಮದ ಜೀವಕೋಶವನ್ನು ಹೊಕ್ಕಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮೀನ್‌ಗಳು (ಥೈಮೀನ್ ಎಂದರೆ ಡಿಎನ್‌ಎ ಬರಹದ ನಾಲ್ಕು ಅಕ್ಷರಗಳಲ್ಲೊಂದು) ಒಂದಕ್ಕೊಂದು ಅಂಟಿಕೊಂಡು, ಅಲ್ಲಿ ಎಳೆ ಸೊಟ್ಟಗಾಗುತ್ತದೆ. ಆರೋಗ್ಯವಂತ ಕೋಶದಲ್ಲಿ ಕೆಲವು ಪ್ರೋಟೀನುಗಳು ಆ ಸೊಟ್ಟನ್ನು ಪತ್ತೆಹಚ್ಚಿ, ಜೋಡಿ ಎಳೆಗಳನ್ನು ಬಿಡಿಸಿ ಹಿಡಿಯುತ್ತವೆ. ಇನ್ನೆರಡು ಪ್ರೋಟೀನುಗಳು ಕೆಟ್ಟ ಜಾಗದ ಆಚೀಚೆ ಕತ್ತರಿ ಹಾಕಿ ಸುಮಾರು 30 ಅಕ್ಷರಗಳ ತುಂಡನ್ನೇ ತೆಗೆದುಹಾಕುತ್ತವೆ. ಬಳಿಕ ಎದುರಿನ ಎಳೆಯನ್ನು ನೋಡಿಕೊಂಡು ಪಾಲಿಮರೇಸ್ ಎಂಬ ಕಿಣ್ವ ಆ ತೆರವನ್ನು ತುಂಬುತ್ತದೆ, ಲೈಗೇಸ್ ಎಂಬ ಇನ್ನೊಂದು ಕಿಣ್ವ ಬೆಸುಗೆ ಹಾಕುತ್ತದೆ. ಎರಡಕ್ಷರ ಕೆಟ್ಟದ್ದಕ್ಕೆ ಮೂವತ್ತನ್ನು ಕೀಳುವುದು ದುಂದೆನಿಸಬಹುದು, ಆದರೆ ಬಟ್ಟೆಗೆ ರಫು ಹಾಕುವವರೂ ತೂತಿನ ಸುತ್ತಲ ಸವೆದ ನೂಲನ್ನು ಬಿಡಿಸಿದ ಮೇಲೆಯೇ ಸೂಜಿ ಹಿಡಿಯುತ್ತಾರೆ.

ಈ ರೋಗಿಗಳ ಕೋಶಗಳಲ್ಲಿ ಇಂಥ ರಿಪೇರಿ ಸರಿಯಾಗಿ ನಡೆಯುವುದಿಲ್ಲವೆಂದು 1968ರಲ್ಲಿ ವಿಜ್ಞಾನಿ ಜೇಮ್ಸ್ ಕ್ಲೀವರ್ ತೋರಿಸಿಕೊಟ್ಟರು. ರಿಪೇರಿಯ ಹೆಜ್ಜೆಗಳನ್ನು ಬಿಡಿಸಿಟ್ಟ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಸರಿಯಾಗದೆ ಉಳಿದ ಜಾಗದಲ್ಲಿ, ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ನಕಲಾಗುವಾಗ, ತಪ್ಪು ಅಕ್ಷರ ಸೇರಿ ಕಾಯಂ ಆಗಿಬಿಡುತ್ತದೆ. ಹಾನಿಗೊಂಡ ಕೋಶದ ವಿಭಜನೆಯನ್ನು ತಡೆಯುವ, ತೀರ ಕೆಟ್ಟಿದ್ದರೆ ಅದನ್ನು ಸಾಯಿಸಿಯೇಬಿಡುವ ಪಿ53 ಎಂಬ ಜೀನ್‌ನಲ್ಲೇ ಅಂಥ ತಪ್ಪು ನುಸುಳಿತೆಂದರೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಸಾಮಾನ್ಯವಾಗಿ ಇಳಿವಯಸ್ಸಿನ ಕಾಯಿಲೆಯಾದ ಚರ್ಮದ ಕ್ಯಾನ್ಸರ್, ಬಿಸಿಲಿನಿಂದ ಕಾಪಾಡದಿದ್ದರೆ ಈ ಮಕ್ಕಳಲ್ಲಿ ಹತ್ತು ವರ್ಷದೊಳಗೇ ಕಾಣಿಸಿಕೊಳ್ಳುವುದುಂಟು.

ತಂದೆತಾಯಿ ಆರೋಗ್ಯವಾಗಿರುವುದಕ್ಕೆ ಕಾರಣ, ಅವರಲ್ಲಿ ಈ ರಿಪೇರಿಗೆ ಬೇಕಾದ ಜೀನಿನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಾಗಿರುವುದು. ಮಗುವಿಗೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿದೆ. ಸೋದರಮಾವನೊಂದಿಗಿನ ಮದುವೆಯಲ್ಲಿ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚು; ಮುಂದಿನ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುವುದರಿಂದ ತಳಿ ಸಲಹೆ ಪಡೆಯಲಿ. ತಾಯಿಯನ್ನು ದೂರುವುದಕ್ಕೆ ಇದರಲ್ಲಿ ಏನೂ ಇಲ್ಲ.

ಕಿಟಕಿಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ಅದಕ್ಕೆ ಆ ಕಿರಣಗಳನ್ನು ತಡೆಯುವ ಫಿಲ್ಮ್ ಅಂಟಿಸಬೇಕು, ಕಣ್ಣಿಗೂ ರಕ್ಷಣೆ ಬೇಕು. ಬಿಸಿಲು ತಪ್ಪಿದ ಮೇಲೆ ವಿಟಮಿನ್ ಡಿ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಇಂದೇ ನಿಲ್ಲಿಸಲಿ: ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ಡಿಎನ್‌ಎಗೆ ಮಾಡುವ ಗಾಯ ಮಾಯಬೇಕಾದದ್ದೂ ಇದೇ ರಿಪೇರಿಯಿಂದ.