ಹಸುಗೂಸಿನ ನಂಜು ಔಷಧಿಗೆ ಬಗ್ಗದಿದ್ದಾಗ

ಪ್ರಶ್ನೆ: ನನ್ನ ಮಗು 32 ವಾರಕ್ಕೇ ಹುಟ್ಟಿತು. ಐದನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟಿತು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆ, ಮೊದಲು ಕೊಟ್ಟ ಎರಡೂ ಆ್ಯಂಟಿಬಯೋಟಿಕ್‌ಗಳಿಗೆ ಅದು ಬಗ್ಗುತ್ತಿಲ್ಲ ಎಂದು ಔಷಧಿ ಬದಲಿಸಿದರು. ಈಗ ಮಗು ಚೇತರಿಸಿಕೊಂಡು ಮನೆಗೆ ಬಂದಿದೆ. ಆದರೆ ಒಂದು ತೊಟ್ಟು ಔಷಧಿಯನ್ನೂ ಕಂಡಿರದ ಮಗುವಿಗೆ ಔಷಧಿ ನಾಟದಂತಾದದ್ದು ಹೇಗೆ? ಬಸುರಿಯಾಗಿದ್ದಾಗ ಮೂತ್ರದ ಸೋಂಕಿಗೆ ನಾನು ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೆ. ತಪ್ಪು ನನ್ನದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನಿಮ್ಮ ನಿದ್ದೆ ಕೆಡಿಸುತ್ತಿದೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ತಪ್ಪು ನಿಮ್ಮದಲ್ಲ. ಬಸುರಿಯಲ್ಲಿ ಮೂತ್ರದ ಸೋಂಕನ್ನು ಹಾಗೆಯೇ ಬಿಟ್ಟರೆ ಅದು ಮೂತ್ರಪಿಂಡಕ್ಕೆ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಹೆಚ್ಚುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ತೆಗೆದುಕೊಂಡು ನೀವು ಮಗುವನ್ನು ಕಾಪಾಡಿದಿರಿ.

ಔಷಧಿಗೆ ಬಗ್ಗದೆ ನಿಂತದ್ದು ನಿಮ್ಮ ಮಗುವಿನ ಮೈಯಲ್ಲ, ಆ ಬ್ಯಾಕ್ಟೀರಿಯಾ. ಮಗುವನ್ನು ಸೇರುವ ಮೊದಲೇ ಅದು ಆ ಶಕ್ತಿಯನ್ನು ಗಳಿಸಿಕೊಂಡಿತ್ತು. ಆ್ಯಂಟಿಬಯೋಟಿಕ್ ಹೆಚ್ಚು ಬಳಕೆಯಾಗುವ ಜಾಗದಲ್ಲಿ ಬಗ್ಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಇಷ್ಟೇ ಆಗಿದ್ದರೆ ಕಷ್ಟ ಕಡಿಮೆ ಇರುತ್ತಿತ್ತು. ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಿರುತ್ತವೆ. ಔಷಧಿಯನ್ನು ತುಂಡರಿಸುವ ಕಿಣ್ವಗಳ ಗುಟ್ಟು ಅದರಲ್ಲಿ ಬರೆದಿರುತ್ತದೆ. ಬ್ಯಾಕ್ಟೀರಿಯಾ ಇದನ್ನು ತನ್ನ ಸಂತತಿಗೆ ಮಾತ್ರವಲ್ಲದೆ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿಗಳನ್ನು ಎದುರಿಸುವ ಗುಟ್ಟು ಇರಬಹುದು. ಹಾಗಾಗಿ ಎಂದೂ ಎದುರಾಗದ ಔಷಧಿಗೂ ಅದು ಒಮ್ಮೆಲೇ ಜಗ್ಗದಂತಾಗುತ್ತದೆ.

ಇನ್ನು ಅದು ಮಗುವನ್ನು ಸೇರಿದ್ದು ಹೇಗೆ? ಹುಟ್ಟಿದ 72 ಗಂಟೆಗಳ ನಂತರ ಕಾಣಿಸಿಕೊಳ್ಳುವ ನಂಜು (ಸೆಪ್ಸಿಸ್, ಅಂದರೆ ಮೈಯೆಲ್ಲ ಹರಡುವ ತೀವ್ರ ಸೋಂಕು) ಹೆಚ್ಚಾಗಿ ಸುತ್ತಲಿನ ಪರಿಸರದಿಂದ ಬಂದದ್ದು. ಕ್ಲೆಬ್ಸಿಯೆಲ್ಲಾಕ್ಕೆ ತೇವವೆಂದರೆ ಇಷ್ಟ. ಕೈ ತೊಳೆಯುವ ಸಿಂಕು, ಉಸಿರಾಟದ ಯಂತ್ರದ ನೀರು, ಕಫ ಹೀರುವ ನಳಿಕೆ, ಒಮ್ಮೆ ತೆರೆದು ಹಲವು ಮಕ್ಕಳಿಗೆ ಬಳಸಿದ ದ್ರವದ ಬಾಟಲಿ, ಇವೆಲ್ಲ ಅದರ ಮನೆಗಳು. ಅಲ್ಲಿಂದ ಮಗುವಿನವರೆಗೆ ಅದನ್ನು ಹೊತ್ತು ತರುವುದು ಬಹುಪಾಲು ನಮ್ಮ ಕೈಗಳೇ. ವೈದ್ಯನಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಮುಚ್ಚಿಡುವುದು ಇನ್ನೂ ತಪ್ಪು. ತಾಯಿಯ ರಕ್ಷಕ ಪ್ರತಿಕಾಯಗಳು ಮಗುವಿಗೆ ಹೆಚ್ಚಾಗಿ ಸೇರುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. 32 ವಾರಕ್ಕೆ ಹುಟ್ಟಿದ ಮಗುವಿಗೆ ಅದರಲ್ಲಿ ಬಹಳಷ್ಟು ಸಿಕ್ಕಿರುವುದಿಲ್ಲ. ಚರ್ಮ ತೆಳು, ರಕ್ತನಾಳದಲ್ಲಿ ಸೂಜಿ, ಮೂಗಿನಲ್ಲಿ ನಳಿಕೆ. ಬಾಗಿಲುಗಳೆಲ್ಲ ತೆರೆದೇ ಇರುತ್ತವೆ.

ನಿಮ್ಮ ಮಗುವಿನದು ಅಪರೂಪದ ಕಥೆಯೂ ಅಲ್ಲ. 2018ರಿಂದ 2020ರವರೆಗೆ 11 ದೇಶಗಳ 19 ಆಸ್ಪತ್ರೆಗಳಲ್ಲಿ ನಂಜಿನ ಶಂಕೆಯಿದ್ದ 3,200ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಗಮನಿಸಲಾಯಿತು. ರೋಗಕಾರಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಇದೇ ಕ್ಲೆಬ್ಸಿಯೆಲ್ಲಾ. ಆ ಮಕ್ಕಳಲ್ಲಿ ಶೇ 11ರಷ್ಟು ತೀರಿಕೊಂಡವು. ಚಿಕಿತ್ಸೆಗೆ ಬಳಸಿದ ಆ್ಯಂಟಿಬಯೋಟಿಕ್ ಜೋಡಣೆಗಳು 200ಕ್ಕೂ ಹೆಚ್ಚು! ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಎಂಬ ಹಳೆಯ, ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯೆಂದು ಸೂಚಿಸುವ ಜೋಡಿ ಹಲವು ಕಡೆ ಸೋಲುತ್ತಿರುವುದರಿಂದ ವೈದ್ಯರು ಕೈಗೆ ಸಿಕ್ಕ ದಾರಿಗಳನ್ನೆಲ್ಲ ಹುಡುಕುತ್ತಿದ್ದಾರೆ ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ.

ಪ್ರಶ್ನೆ: ನಮ್ಮ ಮಗುವಿಗೆ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಆ್ಯಂಟಿಬಯೋಟಿಕ್ ಶುರುಮಾಡಿದರು. ಆಮೇಲೆ ರಕ್ತದಲ್ಲಿ ಏನೂ ಬೆಳೆಯಲಿಲ್ಲ ಎಂದು ವರದಿ ಬಂತು. ಆದರೂ ‘ಇರಲಿ, ಒಳ್ಳೆಯದಕ್ಕೇ’ ಎಂದು ಹತ್ತು ದಿನ ಕೊಟ್ಟರು. ಇದು ಸರಿಯೇ?

ಉತ್ತರ: ಶುರುಮಾಡಿದ್ದು ಸರಿ. ಹಸುಗೂಸಿನ ನಂಜು ಗಂಟೆಗಳ ಲೆಕ್ಕದಲ್ಲಿ ಉಲ್ಬಣಿಸುತ್ತದೆ. ವರದಿಗೆ ಕಾಯುತ್ತಾ ಕುಳಿತರೆ ಮಗು ಕೈತಪ್ಪಬಹುದು. ಔಷಧಿಯ ಮೊದಲ ಡೋಸ್‌ಗೆ ಮುನ್ನ ಕನಿಷ್ಠ 1 ಮಿಲಿಲೀಟರಿನಷ್ಟು ರಕ್ತವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡಲು, ತೆಗೆದಿಡಬೇಕು, ಅಷ್ಟೇ. ತೆಗೆದದ್ದು ಎರಡೇ ಹನಿಯಾದರೆ ಇದ್ದ ಬ್ಯಾಕ್ಟೀರಿಯಾವೂ ಕಾಣದೆ ಹೋಗಬಹುದು.

ನನ್ನ ತಕರಾರು ಇರುವುದು ‘ಇರಲಿ’ ಎಂಬ ಮಾತಿಗೆ. ರಕ್ತದಲ್ಲಿ ನಿಜವಾಗಿ ಬ್ಯಾಕ್ಟೀರಿಯಾ ಇದ್ದರೆ ಬಹುಪಾಲು 36ರಿಂದ 48 ಗಂಟೆಗಳಲ್ಲಿ ಬೆಳೆದು ಕಾಣುತ್ತದೆ. ಅಷ್ಟರೊಳಗೆ ಏನೂ ಬೆಳೆಯದಿದ್ದು, ಮಗುವೂ ಚೆನ್ನಾಗಿದ್ದರೆ, ನ್ಯುಮೋನಿಯಾ ಅಥವಾ ಮೆದುಳುಪೊರೆಯ ಸೋಂಕಿನಂಥ ಬೇರೆ ಕಾರಣವೂ ಇಲ್ಲದಿದ್ದರೆ, ಔಷಧಿಯನ್ನು ನಿಲ್ಲಿಸಬೇಕು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಸ್ವಲ್ಪ ಏರಿದೆ ಎನ್ನುವುದೊಂದೇ ಮುಂದುವರಿಸಲು ಸಾಕಾದ ಕಾರಣವಲ್ಲ. ದಿನ ತುಂಬದ ಮಕ್ಕಳಿಗೆ ಅಗತ್ಯವಿಲ್ಲದೆ ದೀರ್ಘಕಾಲ ಆ್ಯಂಟಿಬಯೋಟಿಕ್ ಕೊಟ್ಟಾಗ ಕರುಳು ಕೊಳೆಯುವ ಕಾಯಿಲೆ, ಶಿಲೀಂಧ್ರದ ಸೋಂಕು, ಮತ್ತೊಂದು ಸುತ್ತಿನ ನಂಜು ಹೆಚ್ಚಾಗಿ ಕಾಣುತ್ತವೆ. ಪಕ್ಕದ ತೊಟ್ಟಿಲಿನ ಮಗುವಿಗೂ ಇದರ ಬಿಸಿ ತಟ್ಟುತ್ತದೆ, ಬಗ್ಗದ ಬ್ಯಾಕ್ಟೀರಿಯಾ ವಾರ್ಡಿನಲ್ಲಿ ನೆಲೆಯೂರುವುದು ಹೀಗೆಯೇ.

ನೀವು ಕೇಳಬಹುದಾದ ಎರಡು ಮಾತುಗಳಿವೆ: ‘ಕಲ್ಚರ್ ಕಳಿಸಿದ್ದೀರಾ? ಯಾವ ದಿನ ಔಷಧಿ ನಿಲ್ಲಿಸುವ ಬಗ್ಗೆ ನಿರ್ಧರಿಸುತ್ತೀರಿ?’ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಆದರೆ ನೀವಾಗಿಯೇ ಔಷಧಿ ನಿಲ್ಲಿಸುವಂತೆ ಹಟ ಹಿಡಿಯಬೇಡಿ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದರೆ ಪೂರ್ತಿ ಅವಧಿ ಕೊಡಲೇಬೇಕು.

ಪ್ರಶ್ನೆ: ಹೊಸ ಔಷಧಿಗಳು ಏಕೆ ಬರುತ್ತಿಲ್ಲ?

ಉತ್ತರ: ಬರುತ್ತಿವೆ, ಆದರೆ ತೊಟ್ಟಿಲನ್ನು ತಲುಪುವುದು ಎಲ್ಲರಿಗಿಂತ ಕೊನೆಗೆ. ಔಷಧಿಗಳ ಪ್ರಯೋಗ ಮೊದಲು ನಡೆಯುವುದು ದೊಡ್ಡವರ ಮೇಲೆ. ನವಜಾತ ಶಿಶುವಿನ ಮೂತ್ರಪಿಂಡ, ಯಕೃತ್ತು ವಾರದಿಂದ ವಾರಕ್ಕೆ ಬದಲಾಗುವುದರಿಂದ ಡೋಸ್ ಲೆಕ್ಕವನ್ನು ಬೇರೆಯಾಗಿಯೇ ಕಂಡುಹಿಡಿಯಬೇಕು. ಹಾಗಾಗಿ ಈಗ ಫಾಸ್ಫೋಮೈಸಿನ್, ಫ್ಲೊಮಾಕ್ಸೆಫ್‌ನಂಥ ಹಳೆಯ ಔಷಧಿಗಳನ್ನೇ ಹೊಸ ಜೋಡಿಗಳಾಗಿ ಮಕ್ಕಳಲ್ಲಿ ಪರೀಕ್ಷಿಸಲಾಗುತ್ತಿದೆ. ಮೆರೊಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್ ಕೂಡ ಕೆಲಸ ಮಾಡದಿದ್ದಾಗ ಉಳಿಯುವ ಕೊಲಿಸ್ಟಿನ್ ಮೂತ್ರಪಿಂಡವನ್ನು ಘಾಸಿಗೊಳಿಸಬಲ್ಲದು. ಅದನ್ನು ಬರೆಯುವಾಗ ಪ್ರತಿ ಸಲವೂ ನನ್ನ ಕೈ ತಡೆಯುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಹೆರಿಗೆ. ಮಗುವಿಗೆ ಇಂಥ ನಂಜು ತಗುಲದಂತೆ ನಮ್ಮ ಕೈಯಲ್ಲಿ ಏನಿದೆ?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಮೊದಲನೆಯದು ನಿಮ್ಮ ಎದೆ. 2021ರಲ್ಲಿ ಪ್ರಕಟವಾದ, ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ 1.8 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟಾಗ, ಮಗುವಿನ ಸ್ಥಿತಿ ಸುಧಾರಿಸಲೆಂದು ಕಾದು ಆಮೇಲೆ ಇಟ್ಟದ್ದಕ್ಕಿಂತ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು, ನಂಜೂ ಕಡಿಮೆಯಾಯಿತು. ತಾಯಿಯ ಮೈಮೇಲಿನ ನಿರುಪದ್ರವಿ ಬ್ಯಾಕ್ಟೀರಿಯಾಗಳು ಮಗುವಿನ ಮೈಯಲ್ಲಿ ಮೊದಲು ಜಾಗ ಹಿಡಿಯುವುದು, ಮಗುವನ್ನು ಮುಟ್ಟುವ ಕೈಗಳ ಸಂಖ್ಯೆ ಇಳಿಯುವುದು, ಇವೆರಡೂ ನೆರವಾಗಿರಬೇಕು. ಮಗು ಚಿಕ್ಕದಾಗಿ ಹುಟ್ಟಿದರೆ ಈ ಕಾಂಗರೂ ಆರೈಕೆಯನ್ನು ನೀವಾಗಿಯೇ ಕೇಳಿ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಅದರಲ್ಲಿ ಕರುಳನ್ನು ಕಾಯುವ ಪ್ರತಿಕಾಯಗಳೂ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನೂ ಇವೆ.

ಎರಡನೆಯದು ಕೈ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲೇ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿ ತೋರಿಸಿದ. ಇಂದಿಗೂ ಎಷ್ಟೋ ತಾಯಂದಿರು ‘ಕೈ ತೊಳೆದುಕೊಂಡಿರಾ?’ ಎಂದು ಡಾಕ್ಟರನ್ನು ಕೇಳಲು ಹಿಂಜರಿಯುತ್ತಾರೆ. ದಯವಿಟ್ಟು ಕೇಳಿ. ನನ್ನನ್ನೂ ಕೇಳಿ. ಮಗುವನ್ನು ನೋಡಲು ಬರುವ ಬಂಧುಗಳಿಗೂ ಇದೇ ಪ್ರಶ್ನೆ. ಹೊಕ್ಕುಳಬಳ್ಳಿಗೆ ಏನನ್ನೂ ಹಚ್ಚದೆ ಒಣಗಿಯೇ ಇಡಿ, ವೈದ್ಯರು ಹೇಳಿದ ಔಷಧಿಯ ಹೊರತು.

ಇನ್ನು ಕಣ್ಣಿಡಬೇಕಾದ ಲಕ್ಷಣಗಳು. ನಂಜು ತಗುಲಿದ ಹಸುಗೂಸಿಗೆ ಜ್ವರ ಬಂದೇ ಬರುತ್ತದೆ ಎಂದು ನಂಬಬೇಡಿ, ಮೈ ತಣ್ಣಗಾಗುವುದೂ ಅಷ್ಟೇ ಅಪಾಯಕಾರಿ. ಚೆನ್ನಾಗಿ ಕುಡಿಯುತ್ತಿದ್ದ ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆಯುವಾಗ ಎದೆಗೂಡು ಒಳಗೆ ಸೆಳೆದರೆ, ಫಿಟ್ಸ್ ಬಂದರೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ 35.5ಕ್ಕಿಂತ ಕೆಳಗಿಳಿದರೆ, ಮನೆಯಲ್ಲಿ ಉಳಿದ ಸಿರಪ್ ಹುಡುಕಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ಮಗುವನ್ನು ಎದೆಗವಚಿಕೊಂಡು ಬೆಚ್ಚಗಿಟ್ಟು, ಆಗಲೇ ಆಸ್ಪತ್ರೆಗೆ ಹೊರಡಿ.